ಇಬ್ಬರು ಜಯಮ್ಮ, ಒಂದು ಚುಕ್ಕಿ

ನಮ್ಮೂರ ಡೈರಿಯಲ್ಲಿ ಅಮ್ಮನ ನಂಬರು 43. ಹೈಸ್ಕೂಲಿನಲ್ಲಿದ್ದಾಗ ಬೆಳಿಗ್ಗೆ ಆರೂವರೆಗೆ ಹಾಲಿನ ಕ್ಯಾನು ಹಿಡಿದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವುದು ನನ್ನ ಕೆಲಸ. ಸರದಿ ಬಂದಾಗ "ನಲವತ್ಮೂರು" ಅಂತ ಕೂಗಬೇಕು. ಸೆಕ್ರೆಟರಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದರು, ಎಷ್ಟು ಲೀಟರು, ಎಷ್ಟು ಡಿಗ್ರಿ ಅಂತ. (ನಮ್ಮ ಕಡೆ ಹಾಲಿನ ಫ್ಯಾಟಿಗೂ ಡಿಗ್ರಿ, ಲ್ಯಾಕ್ಟೋಮೀಟರಿಗೂ ಡಿಗ್ರಿ, ಇಂಜಿನಿಯರಿಂಗ್ ಮುಗಿಸಿ ಬಂದವನಿಗೂ ಡಿಗ್ರಿ :-) ) ಒಂದು ದಿನ ಧಿಮಾಕು ಮಾಡಿ ನಂಬರಿನ ಬದಲು ಅಮ್ಮನ ಹೆಸರು ಹೇಳಿದ್ದೆ. "ಲಕ್ಷ್ಮಮ್ಮ ಅಂದ್ರೆ ಯಾವ ಲಕ್ಷ್ಮಮ್ಮನೋ? ಈ ಊರಲ್ಲಿ ಆರು ಜನ ಅವ್ರೆ. ನಂಬರ್ ಹೇಳು" ಅಂತ ಎಲ್ಲರೆದುರು ಬೈಸಿಕೊಂಡೆ.

ಆ ಬೈಗುಳದ ಬೆಲೆ ತಿಳಿಯಲು ನನಗೆ ಹನ್ನೆರಡು ವರ್ಷ ಬೇಕಾಯಿತು. ತಿಳಿಯುವಷ್ಟರಲ್ಲಿ ನನ್ನಿಂದಾಗಿ ಒಬ್ಬ ಹೆಂಗಸಿನ ಒಂದು ತಿಂಗಳ ಹಾಲಿನ ದುಡ್ಡು ಬೇರೆಯವರ ಖಾತೆಗೆ ಹೋಗಿತ್ತು.

ಹೇಳಿಬಿಡುತ್ತೇನೆ. ಹೇಳದೆ ಇದ್ದರೆ ಅದು ತಲೆಯಲ್ಲೇ ಕೊರೆಯುತ್ತಿರುತ್ತದೆ.

ನಮ್ಮ ಕಂಪನಿಗೆ ಒಬ್ಬ ಗಿರಾಕಿ ಇದ್ದಾರೆ. ಹಳ್ಳಿಗಳಿಂದ ಹಾಲು ಕೊಳ್ಳುವ ಖಾಸಗಿ ಸಂಸ್ಥೆ. ಹೆಸರು ಬೇಡ. ಪ್ರತಿ ಹಳ್ಳಿಯಲ್ಲೂ ಅವರದೊಂದು ಸೆಂಟರು, ಸೆಂಟರಿಗೊಬ್ಬ ಆಪರೇಟರು. ಹಾಲು ಅಳೆದು, ಫ್ಯಾಟು ನೋಡಿ, ಯಂತ್ರದಿಂದ ಒಂದು ಪುಟ್ಟ ಚೀಟಿ ಹರಿದು ಕೊಡುತ್ತಾರೆ. ಆ ಲೆಕ್ಕವೆಲ್ಲ ಸೇರುವುದು ಬೇರೊಬ್ಬ ವೆಂಡರ್ ಮಾಡಿಕೊಟ್ಟ ಹಳೇ ಸಾಫ್ಟ್‌ವೇರಿಗೆ. ಅದರ ಡೇಟಾಬೇಸು ಮೈಎಸ್‌ಕ್ಯೂಎಲ್ 5.7. ನಾವು ಮಾಡಿಕೊಟ್ಟದ್ದು ಬಟವಾಡೆಯ ಸಾಫ್ಟ್‌ವೇರು. ಹತ್ತು ದಿನಕ್ಕೊಮ್ಮೆ ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಿ ಬ್ಯಾಂಕಿಗೆ ಕಳಿಸುವುದು. ನಮ್ಮದು ಜ್ಯಾಂಗೋ, ಪೋಸ್ಟ್‌ಗ್ರೆಸ್. ಅಂದರೆ ಹಾಲು ಒಂದು ಡೇಟಾಬೇಸಿನಲ್ಲಿ, ಹಾಲು ಹಾಕಿದವರ ಬ್ಯಾಂಕ್ ಖಾತೆ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಸಾಫ್ಟ್‌ವೇರಿನವರಲ್ಲದವರು ಒಂದೆರಡು ಪ್ಯಾರಾ ಸಹಿಸಿಕೊಳ್ಳಿ. ಡೇಟಾಬೇಸು ಅಂದರೆ ಟೇಬಲ್ಲುಗಳು, ಸಾಲು ಮತ್ತು ಕಾಲಮ್ಮು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಹಾಕಿಕೊಟ್ಟ ದಾರಿ ಅದು. ಪ್ರೋಗ್ರಾಂ ಬರೆಯುವವರು ಯೋಚಿಸುವುದು ಮಾತ್ರ ಟೇಬಲ್ಲಿನಲ್ಲಲ್ಲ, ಆಬ್ಜೆಕ್ಟುಗಳಲ್ಲಿ. ಇವರೊಬ್ಬ ಸದಸ್ಯೆ, ಇವರಿಗೊಂದು ಖಾತೆ, ಖಾತೆಗೊಂದು ಬ್ಯಾಂಕು, ಹೀಗೆ. ಈ ಎರಡು ಲೋಕಗಳ ನಡುವೆ ದುಭಾಷಿಯಂತೆ ನಿಲ್ಲುವುದೇ ಓಆರ್‌ಎಂ, ಆಬ್ಜೆಕ್ಟ್ ರಿಲೇಷನಲ್ ಮ್ಯಾಪಿಂಗ್. ಜಾವಾದವರಿಗೆ 2001ರಿಂದ ಹೈಬರ್ನೇಟ್ ಇದೆ, ರೂಬಿಯವರಿಗೆ 2004ರಲ್ಲಿ ರೈಲ್ಸ್ ಬಂತು, ಪೈಥಾನಿನವರಿಗೆ 2005ರಲ್ಲಿ ಜ್ಯಾಂಗೋ. ಇವು ಮಾಡಿಕೊಡುವ ದೊಡ್ಡ ಉಪಕಾರ ಒಂದು ಚುಕ್ಕಿ. "ಪೇಯೀ ಚುಕ್ಕಿ ಮೆಂಬರ್ ಚುಕ್ಕಿ ನೇಮ್" ಅಂತ ಬರೆದರೆ ಸಾಕು. ಒಳಗೆ ಅದು ಕ್ವೆರಿ ಬರೆದು, ಡೇಟಾಬೇಸಿಗೆ ಕಳಿಸಿ, ಬಂದ ಸಾಲನ್ನು ಆಬ್ಜೆಕ್ಟು ಮಾಡಿ ಕೈಗಿಡುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗದಿರುವುದೇ ಅದರ ಸುಖ!

ಎರಡೂ ಟೇಬಲ್ಲು ಒಂದೇ ಡೇಟಾಬೇಸಿನಲ್ಲಿದ್ದರೆ ಆ ಚುಕ್ಕಿಯ ಬೆನ್ನಿಗೆ ಒಬ್ಬ ಕಾವಲುಗಾರ ಇರುತ್ತಾನೆ. ಫಾರಿನ್ ಕೀ ಅಂತ. ಇಲ್ಲದ ಸದಸ್ಯೆಗೆ ಖಾತೆ ಹಚ್ಚಲು ಹೋದರೆ ಬಿಡುವುದಿಲ್ಲ, ಖಾತೆ ಇರುವ ಸದಸ್ಯೆಯನ್ನು ಅಳಿಸಲು ಹೋದರೂ ಬಿಡುವುದಿಲ್ಲ. ಡೇಟಾಬೇಸು ಎರಡಾದ ಕೂಡಲೇ ಕಾವಲುಗಾರ ಇಲ್ಲ. ಪೋಸ್ಟ್‌ಗ್ರೆಸ್ಸಿಗೂ ಮೈಎಸ್‌ಕ್ಯೂಎಲ್ಲಿಗೂ ಒಬ್ಬರ ಮನೆಯಲ್ಲಿ ಏನಾಯಿತು ಅಂತ ಇನ್ನೊಬ್ಬರಿಗೆ ತಿಳಿಯುವ ದಾರಿಯೇ ಇಲ್ಲ. ಎಲ್ಲ ಕಡೆಯೂ ಹೀಗೇ ಅಂತಲ್ಲ. ಒಂದೇ ಮೈಎಸ್‌ಕ್ಯೂಎಲ್ ಸರ್ವರಿನಲ್ಲಿ ಎರಡು ಡೇಟಾಬೇಸುಗಳಿದ್ದರೆ ಟೇಬಲ್ ಹೆಸರಿನ ಹಿಂದೆ ಡೇಟಾಬೇಸ್ ಹೆಸರು ಹಚ್ಚಿ ಜಾಯಿನ್ ಮಾಡಬಹುದು, ಇನ್ನೋಡಿಬಿಯಲ್ಲಿ ಫಾರಿನ್ ಕೀ ಕೂಡ ಹಾಕಬಹುದು. ಪೋಸ್ಟ್‌ಗ್ರೆಸ್ಸಿನಲ್ಲಿ ಹೊರಗಿನ ಟೇಬಲ್ಲನ್ನು ಒಳಗಿನದರ ಹಾಗೆ ತೋರಿಸುವ ಫಾರಿನ್ ಡೇಟಾ ರ‍್ಯಾಪರ್ ಇದೆ. ಅದರಲ್ಲಿ ಜಾಯಿನ್ ಸಿಗುತ್ತದೆ, ಆದರೆ ಫಾರಿನ್ ಕೀ ಸಿಗುವುದಿಲ್ಲ. ನಮ್ಮದು ಎರಡು ಜಾತಿಯ ಡೇಟಾಬೇಸು, ಎರಡು ಊರಿನಲ್ಲಿ, ಇಬ್ಬರು ಯಜಮಾನರ ಕೈಯಲ್ಲಿ.

ಜ್ಯಾಂಗೋಗೆ ಒಂದಕ್ಕಿಂತ ಹೆಚ್ಚು ಡೇಟಾಬೇಸುಗಳನ್ನು ನೋಡಿಕೊಳ್ಳುವ ಶಕ್ತಿ ಬಂದದ್ದು 2010ರ 1.2 ಆವೃತ್ತಿಯಲ್ಲಿ. ಯಾವ ಮಾಡೆಲ್ಲು ಎಲ್ಲಿಗೆ ಹೋಗಬೇಕು ಅಂತ ಹೇಳಲು ರೌಟರ್ ಅಂತ ಒಂದು ಪುಟ್ಟ ಕ್ಲಾಸು ಬರೆದುಕೊಡಬೇಕು. ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ, ಬೇರೆ ಬೇರೆ ಡೇಟಾಬೇಸುಗಳ ನಡುವೆ ಫಾರಿನ್ ಕೀ ಸಂಬಂಧಕ್ಕೆ ಬೆಂಬಲವಿಲ್ಲ ಅಂತ. ಕಾರಣವನ್ನೂ ಹೇಳಿದ್ದಾರೆ. ಆ ಸಂಬಂಧ ಸರಿಯಿದೆಯೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ ಅಂತ. ನಾನು ಅದನ್ನು ಓದಿದ್ದೆ. ಓದಿಯೂ ಬೇಲಿ ಹಾರಿದೆ.

ಹಾರುವುದು ಕಷ್ಟವೇನಲ್ಲ. ರೌಟರಿನಲ್ಲಿ "ಸಂಬಂಧ ಬಿಡಬಹುದೇ?" ಅಂತ ಒಂದು ಪ್ರಶ್ನೆ ಬರುತ್ತದೆ, "ಬಿಡು" ಅಂತ ಬರೆದರೆ ಆಯಿತು. ಡೇಟಾಬೇಸಿನಲ್ಲಿ ನಿರ್ಬಂಧ ಹಾಕಬೇಡ ಅಂತ ಇನ್ನೊಂದು ಸೆಟ್ಟಿಂಗು. ಮುಗಿಯಿತು. ಚುಕ್ಕಿ ಹಾಕಿದರೆ ಪೋಸ್ಟ್‌ಗ್ರೆಸ್ಸಿನ ಪೇಯೀಯಿಂದ ಮೈಎಸ್‌ಕ್ಯೂಎಲ್ಲಿನ ಮೆಂಬರು ಬಂದೇಬಿಟ್ಟಳು! ಆ ದಿನ ನಮ್ಮ ಟೀಮಿನಲ್ಲಿ ನಾನೇ ಹೀರೋ. ಎರಡು ಡೇಟಾಬೇಸು ಇವೆ ಅನ್ನುವುದು ಕೋಡ್ ಓದುವವರಿಗೆ ತಿಳಿಯುವುದೇ ಇಲ್ಲ, ಎಷ್ಟು ಚೆಂದ ಅಂತ ರಿವ್ಯೂನಲ್ಲಿ ಹೊಗಳಿದರು. ನಮ್ಮಲ್ಲೊಬ್ಬರು ಹಿರಿಯರು ಮಾತ್ರ, "ಗುರೂ, ಅವರ ಪ್ರೈಮರಿ ಕೀ ಮೇಲೆ ನಮ್ಮ ಮನೆ ಕಟ್ತಾ ಇದೀಯ, ನೋಡ್ಕೋ" ಅಂದರು. ನೋಡಿಕೊಳ್ಳುತ್ತೇನೆ ಅಂದೆ.

ಮೊದಲು ಎದುರಾದದ್ದು ವೇಗದ ತೊಂದರೆ. ಸಾವಿರಾರು ಪೇಯೀಗಳು. ಒಬ್ಬೊಬ್ಬರಿಗೂ ಚುಕ್ಕಿ ಹಾಕಿದಾಗ ಒಂದೊಂದು ಕ್ವೆರಿ ಆಚೆ ಊರಿನ ಸರ್ವರಿಗೆ ಹೋಗಿ ಬರುತ್ತಿತ್ತು. ಬಟವಾಡೆ ಲೆಕ್ಕಕ್ಕೆ ಇಪ್ಪತ್ತು ನಿಮಿಷ. ಜಾಯಿನ್ ಮಾಡೋಣವೆಂದರೆ "ಅಂಥ ಟೇಬಲ್ಲೇ ಇಲ್ಲ" ಅಂತ ಪೋಸ್ಟ್‌ಗ್ರೆಸ್ ಗದರುತ್ತದೆ, ಇಲ್ಲದ್ದು ನಿಜವೇ. ಕೊನೆಗೆ ಪ್ರಿಫೆಚ್ ಹಾಕಿದೆ. ಅದು ಐಡಿಗಳನ್ನೆಲ್ಲ ಒಟ್ಟು ಮಾಡಿ ಒಂದೇ ಸಲ ಆಚೆ ಕಡೆಗೆ ಕೇಳಿ, ಬಂದದ್ದನ್ನು ಪೈಥಾನಿನಲ್ಲೇ ಜೋಡಿಸುತ್ತದೆ. ಇಪ್ಪತ್ತು ನಿಮಿಷದ ಕೆಲಸ ನಲವತ್ತು ಸೆಕೆಂಡಿಗೆ ಬಂತು. ಮತ್ತೆ ಹೊಗಳಿಕೆ. ಗಮನವೆಲ್ಲ ವೇಗದ ಮೇಲೆ. ಜೋಡಿಸಿದ್ದು ಸರಿಯಾದವರನ್ನೇ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಇನ್ನೊಂದು ಅಪಘಾತ ಸ್ವಲ್ಪದರಲ್ಲಿ ತಪ್ಪಿತು. ಬಟವಾಡೆ ಆಯಿತು ಅಂತ ನಮ್ಮಲ್ಲೂ ಬರೆಯಬೇಕು, ಅವರಲ್ಲೂ ಗುರುತು ಹಾಕಬೇಕು. ಜ್ಯಾಂಗೋದ ಅಟಾಮಿಕ್ ಅನ್ನುವುದು ಒಂದು ಸಲಕ್ಕೆ ಒಂದು ಡೇಟಾಬೇಸನ್ನಷ್ಟೇ ಕಾಯುತ್ತದೆ. ನಾನು ಒಂದರೊಳಗೊಂದು ಎರಡು ಅಟಾಮಿಕ್ ಹಾಕಿ ಭದ್ರ ಅಂದುಕೊಂಡಿದ್ದೆ. ಒಳಗಿನದು ಕಮಿಟ್ ಆಗಿ, ಹೊರಗಿನದು ಆಗುವ ಮೊದಲು ಕರೆಂಟು ಹೋದರೆ? ಇದಕ್ಕೆ ಎರಡು ಹಂತದ ಕಮಿಟ್ ಅಂತ ಮದ್ದು 1970ರ ದಶಕದಿಂದಲೇ ಇದೆ. ಪೋಸ್ಟ್‌ಗ್ರೆಸ್ಸಿನಲ್ಲಿ ಬೇಕಾದರೆ ಆನ್ ಮಾಡಿಕೊಳ್ಳಬೇಕು, ತಾನಾಗಿ ಆನ್ ಇರುವುದಿಲ್ಲ. ನಾವು ಅಷ್ಟು ದೂರ ಹೋಗಲಿಲ್ಲ. ಅವರ ಕಡೆ ಗುರುತು ಹಾಕುವುದನ್ನೇ ಬಿಟ್ಟೆವು. ಅದು ಇರಲಿ.

ಈಗ ಜಯಮ್ಮನ ಕತೆ. ನಿಜವಾದ ಹೆಸರು ಬೇರೆ, ಆದರೆ ಅಷ್ಟೇ ಸಾಮಾನ್ಯವಾದದ್ದು.

ಹೊಸ ಸೆಂಟರೊಂದು ಶುರುವಾಯಿತು. 38 ಜನರ ಪಟ್ಟಿ ವೆಂಡರಿನ ಡೇಟಾಬೇಸಿಗೆ ಏರಿತು. ಮೆಂಬರ್ ಟೇಬಲ್ಲಿನ ಕೊನೆಯ 38 ಸಾಲು, ಐಡಿ 4101ರಿಂದ 4138. ರಾತ್ರಿ ನಮ್ಮ ಇಂಪೋರ್ಟು ಓಡಿ ಅವರಿಗೆಲ್ಲ ನಮ್ಮ ಕಡೆ ಪೇಯೀ ಸಾಲುಗಳು ಹುಟ್ಟಿದವು, ಖಾತೆ ನಂಬರ್ ಸಮೇತ. ಅದರಲ್ಲಿ 27ನೆಯವರು ಜಯಮ್ಮ, ಐಡಿ 4127. ಇವರನ್ನು ಮೊದಲನೇ ಜಯಮ್ಮ ಅನ್ನೋಣ.

ಎರಡು ದಿನದ ಮೇಲೆ ಸೆಂಟರಿನ ಕೋಡೇ ತಪ್ಪು ಅಂತ ಗೊತ್ತಾಯಿತು. ಬೇರೆ ರೂಟಿನಲ್ಲಿ ಇರಬೇಕಾದದ್ದು. ತಿದ್ದಿದರೆ ಮುಗಿಯುತ್ತಿತ್ತು. ವೆಂಡರ್ ಕಡೆ ಯಾರೋ 38 ಸಾಲನ್ನೂ ಅಳಿಸಿ, ನಾಳೆ ಹೊಸದಾಗಿ ಹಾಕೋಣ ಅಂತ ಮನೆಗೆ ಹೋದರು. ಫಾರಿನ್ ಕೀ ಇದ್ದಿದ್ದರೆ ಅಲ್ಲೇ ತಡೆಯುತ್ತಿತ್ತು. ಇರಲಿಲ್ಲ. ಆ ರಾತ್ರಿ ಅವರ ಸರ್ವರ್ ಒಮ್ಮೆ ಆಫ್ ಆಗಿ ಆನ್ ಆಯಿತು.

ಇಲ್ಲಿ ಮೈಎಸ್‌ಕ್ಯೂಎಲ್ಲಿನ ಒಂದು ಹಳೇ ಚಾಳಿ ಹೇಳಬೇಕು. ಹೊಸ ಸಾಲಿಗೆ ಮುಂದಿನ ಐಡಿ ಎಷ್ಟು ಅನ್ನುವ ಲೆಕ್ಕವನ್ನು ಇನ್ನೋಡಿಬಿ ಡಿಸ್ಕಿನಲ್ಲಿ ಬರೆದಿಡುತ್ತಿರಲಿಲ್ಲ, ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುತ್ತಿತ್ತು. ರೀಸ್ಟಾರ್ಟ್ ಆದರೆ ಟೇಬಲ್ಲಿನಲ್ಲಿ ಉಳಿದಿರುವ ಅತಿ ದೊಡ್ಡ ಐಡಿ ನೋಡಿ ಅದಕ್ಕೆ ಒಂದು ಸೇರಿಸಿ ಮುಂದುವರಿಯುತ್ತಿತ್ತು. ಅಂದರೆ ಕೊನೆಯ ಸಾಲುಗಳನ್ನು ಅಳಿಸಿ ರೀಸ್ಟಾರ್ಟ್ ಮಾಡಿದರೆ ಸತ್ತವರ ಐಡಿ ಹೊಸಬರಿಗೆ! 2003ರಲ್ಲೇ ಇದನ್ನು ಬಗ್ ಅಂತ ದಾಖಲಿಸಿದ್ದಾರೆ, ನಂಬರು 199. ಸರಿಪಡಿಸಿದ್ದು 2018ರಲ್ಲಿ ಬಂದ 8.0ರಲ್ಲಿ. ಗಿರಾಕಿಯ ಬಳಿ ಇದ್ದದ್ದು 5.7 ಅಂತ ಆಗಲೇ ಹೇಳಿದೆನಲ್ಲ.

ಮರುದಿನ ಬೆಳಿಗ್ಗೆ ಅಳಿಸಿದ 38 ಜನರನ್ನು ಹಾಕುವ ಮೊದಲು, ಇನ್ನೊಂದು ಹೊಸ ಸೆಂಟರಿನ 52 ಜನರನ್ನು ಹಾಕಿದರು. ಐಡಿ 4101ರಿಂದ 4152. ಆಮೇಲೆ ಹಳೇ 38 ಜನ, 4153ರಿಂದ 4190. ನಮ್ಮ ಕಡೆಯ ಪೇಯೀ ಸಾಲುಗಳು ಮಾತ್ರ ಇನ್ನೂ 4101ರಿಂದ 4138ನ್ನೇ ಹಿಡಿದುಕೊಂಡು ಕೂತಿದ್ದವು. ಚುಕ್ಕಿ ಹಾಕಿದರೆ ಎರರ್ ಇಲ್ಲ. ಸದಸ್ಯೆ ಬರುತ್ತಾಳೆ, ಬೇರೆ ಊರಿನವಳು.

ನನ್ನ ಬಳಿ ಒಂದು ತಪಾಸಣೆ ಇತ್ತು ಅಂತ ಹೇಳಿಕೊಳ್ಳಬೇಕು. ಬಟವಾಡೆಗೆ ಮೊದಲು ಎರಡೂ ಕಡೆಯ ಹೆಸರು, ಮೆಂಬರ್ ನಂಬರು ಹೋಲಿಸಿ ನೋಡುವುದು. ಸೆಂಟರ್ ಕೋಡನ್ನು ಹೋಲಿಸುತ್ತಿರಲಿಲ್ಲ, ರೂಟು ಆಗಾಗ ಬದಲಾಗುತ್ತದೆ, ಸುಮ್ಮನೆ ಎರರ್ ಬರುತ್ತದೆ ಅಂತ ಗಿರಾಕಿಯೇ ಬೇಡ ಅಂದಿದ್ದರು. ಹೆಸರಿನ ಹೋಲಿಕೆಯನ್ನೂ ನಾನೇ ಸಡಿಲ ಮಾಡಿದ್ದೆ. ಮಾಡದೆ ವಿಧಿಯಿರಲಿಲ್ಲ. ಒಂದು ಕಡೆ "ಜಯಮ್ಮ ಕೋಂ" ಅಂತ ಗಂಡನ ಹೆಸರು, ಇನ್ನೊಂದು ಕಡೆ ಇನಿಷಿಯಲ್ಲು. ಲಕ್ಷ್ಮಿಗೆ ಒಬ್ಬರು ದೀರ್ಘ ಕೊಡುತ್ತಾರೆ, ಒಬ್ಬರು ಕೊಡುವುದಿಲ್ಲ. ಇದಾದರೂ ಕಣ್ಣಿಗೆ ಕಾಣುತ್ತದೆ. ಗೋವಿಂದನ "ಗೋ" ನೋಡಿ. ಯೂನಿಕೋಡಿನಲ್ಲಿ ಆ ಓತ್ವವನ್ನು ಒಂದೇ ಅಕ್ಷರಸಂಕೇತವಾಗಿ ಇಡಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಪೈಥಾನಿಗೆ ಎರಡೂ ಬೇರೆ ಬೇರೆ. ಇದನ್ನು ನಾರ್ಮಲೈಸ್ ಮಾಡಿ ಸರಿಪಡಿಸಲು ಎರಡು ದಿನ ತಿಣುಕಿದ್ದೆ. ಆ ಸುಸ್ತಿನಲ್ಲೇ ಹೆಸರಿನ ಮೊದಲ ಪದ ಹೊಂದಿದರೆ ಸಾಕು ಅಂತ ಮಾಡಿಬಿಟ್ಟೆ. ಕೋಂ ಆದಮೇಲಿನದ್ದೆಲ್ಲ ಕತ್ತರಿಸಿ ಎಸೆದೆ.

ತಪಾಸಣೆ ಓಡಿತು. 37 ಹೆಸರು ಹೊಂದಲಿಲ್ಲ ಅಂತ ಕೆಂಪಗೆ ತೋರಿಸಿತು. ನಂಬರು ಮಾತ್ರ ಎಲ್ಲರದ್ದೂ ಹೊಂದಿತ್ತು, ಯಾಕೆಂದರೆ ಎರಡೂ ಸೆಂಟರಿನಲ್ಲಿ ಒಂದರಿಂದ ಸಾಲಾಗಿ ನಂಬರು ಕೊಟ್ಟಿದ್ದರು. ಎರಡನೇ ಸೆಂಟರಿನ 27ನೆಯವರ ಹೆಸರೂ ಜಯಮ್ಮ.

ಮರುದಿನ ಬಟವಾಡೆ. 37 ಜನರ ಹಳೇ ಸಾಲು ಕಿತ್ತುಹಾಕಿ ಹೊಸದಾಗಿ ಜೋಡಿಸುವ ಸ್ಕ್ರಿಪ್ಟು ಬರೆದೆ. ರಾತ್ರಿ ಹನ್ನೊಂದೂವರೆಗೆ ತಪಾಸಣೆ ಹಸಿರಾಯಿತು. ಸ್ವಿಗ್ಗಿಯಲ್ಲಿ ಬಿರಿಯಾನಿ ತರಿಸಿಕೊಂಡು ತಿಂದೆ.

38 ಸಾಲು ಇರುವ ಕಡೆ 37 ಕೆಟ್ಟಿವೆ ಅಂತ ಕಂಡಾಗ, ಉಳಿದ ಒಂದು ಯಾಕೆ ಸರಿಯಿದೆ ಅಂತ ಕೇಳಬೇಕಿತ್ತು. ಆ ಸಂಖ್ಯೆಗಳು ನನ್ನ ಕಣ್ಣಿಗೆ ಬಿದ್ದಿದ್ದವು. ಒಂದಾದರೂ ಸರಿಯಿದೆಯಲ್ಲ ಅಂತ ಮುಂದೆ ಹೋದೆ.

ಹಾಗಾಗಿ ಆದದ್ದಿಷ್ಟು. ಎರಡನೇ ಜಯಮ್ಮ ಹಾಕಿದ ಹಾಲಿನ ದುಡ್ಡು ಮೊದಲನೇ ಜಯಮ್ಮನ ಖಾತೆಗೆ ಹೋಯಿತು. ಮೊದಲನೇ ಜಯಮ್ಮನಿಗೆ 4179 ಅಂತ ಹೊಸ ಐಡಿ ಬಂದಿತ್ತಲ್ಲ, ಅದಕ್ಕೆ ಇಂಪೋರ್ಟು ಇನ್ನೊಂದು ಪೇಯೀ ಮಾಡಿತ್ತು, ಆದ್ದರಿಂದ ಅವರ ಸ್ವಂತ ಹಾಲಿನ ದುಡ್ಡೂ ಅವರಿಗೇ ಹೋಯಿತು. ಒಂದೇ ಖಾತೆ ಎರಡು ಕಡೆ ಬರಬಾರದು ಅಂತ ನಿಯಮ ಹಾಕಿರಲಿಲ್ಲ. ಹಳ್ಳಿಯಲ್ಲಿ ಅತ್ತೆ ಸೊಸೆ ಇಬ್ಬರ ಹಾಲಿಗೂ ಒಂದೇ ಖಾತೆ ಇರುವುದು ಮಾಮೂಲು. ಎರಡನೇ ಜಯಮ್ಮನಿಗೆ ಪೇಯೀ ಹುಟ್ಟಲೇ ಇಲ್ಲ. 4127ಕ್ಕೆ ಆಗಲೇ ಒಬ್ಬರು ಇದ್ದಾರೆ ಅಂತ ಇಂಪೋರ್ಟು ಸದ್ದಿಲ್ಲದೆ ದಾಟಿಹೋಗಿತ್ತು.

ಮೊದಲ ಬಟವಾಡೆ ಬರಲಿಲ್ಲ ಅಂತ ಕೇಳಿದಾಗ ಸೆಂಟರಿನ ಆಪರೇಟರು, ಹೊಸ ಮೆಂಬರಿಗೆ ತಡ ಆಗುತ್ತೆ ಅಂದರಂತೆ. ಎರಡನೆಯದೂ ಬರದಿದ್ದಾಗ ನಮಗೆ ಟಿಕೆಟ್ ಬಂತು. "ಜಯಮ್ಮ, ಮೆಂಬರ್ 27, ಹಣ ಬಂದಿಲ್ಲ." ನಾನು ಸ್ಕ್ರೀನ್ ತೆಗೆದೆ. ಜಯಮ್ಮ, 27, ಪಾವತಿಯಾಗಿದೆ, ಬ್ಯಾಂಕಿನ ರೆಫರೆನ್ಸ್ ನಂಬರ್ ಸಮೇತ. ಸ್ಕ್ರೀನ್‌ಶಾಟ್ ಅಂಟಿಸಿ "ಪಾವತಿಯಾಗಿದೆ, ಬ್ಯಾಂಕಿನಲ್ಲಿ ವಿಚಾರಿಸಿ" ಅಂತ ಬರೆದು ಟಿಕೆಟ್ ಮುಚ್ಚಿದೆ. ನಾಲ್ಕು ನಿಮಿಷದ ಕೆಲಸ.

ಮೂರನೆಯದೂ ಬರಲಿಲ್ಲ. ಈ ಸಲ ಟಿಕೆಟಿನ ಜೊತೆ ಒಂದು ಫೋಟೋ ಇತ್ತು. ಚೀಟಿಗಳದ್ದು. ದಿನಕ್ಕೆರಡು, ಒಂದು ತಿಂಗಳಿನವು, ಒಂದನ್ನೂ ಬಿಡದೆ ತಂತಿಗೆ ಪೋಣಿಸಿ ಇಟ್ಟಿದ್ದರು. ಮೇಲಿನ ಚೀಟಿಯನ್ನು ದೊಡ್ಡದು ಮಾಡಿ ನೋಡಿದೆ. ತಾರೀಖು, ಬೆಳಿಗ್ಗೆ, ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ. ಎಡಗಡೆ ಮೂಲೆಯಲ್ಲಿ ಸೆಂಟರ್ ಕೋಡು, ಅದರ ಪಕ್ಕ 27. ಆ ಸೆಂಟರ್ ಕೋಡು ನಮ್ಮ ಪೇಯೀಯಲ್ಲಿ ಇದ್ದ ಕೋಡಲ್ಲ.

ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ವೆಂಡರಿನವರಿಂದ ಬಿನ್‌ಲಾಗ್ ತರಿಸಿಕೊಂಡು ನೋಡಿದಾಗ ಅಳಿಸಿದ್ದು, ಮತ್ತೆ ಹಾಕಿದ್ದು ಎಲ್ಲ ಸಾಲಾಗಿ ಕಂಡಿತು. ಮೂರು ಬಟವಾಡೆ ಸೇರಿ 7,086 ರೂಪಾಯಿ. ಅಂದು ಸಂಜೆಯೇ ಗಿರಾಕಿಗೆ ಇದ್ದದ್ದು ಇದ್ದಹಾಗೆ ಬರೆದೆ. ಎರಡು ದಿನದಲ್ಲಿ ದುಡ್ಡು ಅವರ ಖಾತೆಗೆ ಹೋಯಿತು. ಮೊದಲನೇ ಜಯಮ್ಮನನ್ನು ವಿಚಾರಿಸಿದರೆ ಅವರು ಮೊದಲ ಸಲವೇ ಆಪರೇಟರಿಗೆ "ಜಾಸ್ತಿ ಬಂದೈತೆ, ನೋಡಿ" ಅಂದಿದ್ದರಂತೆ. ಬೋನಸ್ ಇರಬೇಕು ಬಿಡಿ ಅಂದಿದ್ದರಂತೆ ಆತ.

ಆ ಸೆಂಟರು ನಾನು ಊರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಮುಂದಿನ ಶನಿವಾರ ಬೈಕ್ ತಿರುಗಿಸಿಕೊಂಡು ಹೋದೆ. ಯಾರೂ ಹೋಗು ಅಂದಿರಲಿಲ್ಲ. ಸಂಜೆ ಹಾಲಿನ ಹೊತ್ತು, ಏಳೆಂಟು ಜನ ಕ್ಯಾನು ಇಟ್ಟುಕೊಂಡು ಕೂತಿದ್ದರು. ಆಪರೇಟರು ತೋರಿಸಿದರು. ಸುಮಾರು ಅಮ್ಮನ ವಯಸ್ಸು, ಕಂಕುಳಲ್ಲಿ ಸ್ಟೀಲಿನ ಕ್ಯಾನು.

"ನೀವೇನಾ ಸಾಮಿ, ಕಂಪ್ಯೂಟರ್‌ನೋರು?"

"ಹೌದಮ್ಮ. ತಪ್ಪು ನಂದೇ, ಜಯಮ್ಮನೋರೆ."

"ದುಡ್ಡು ಬಂತು ಬುಡಿ. ಹಿಂಡಿ ಅಂಗಡಿ ಬಾಕಿ ತೀರ್ಸಿವ್ನಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಂದೈತೆ ಅಂತ ಫೋಟೋ ಕಳ್ಸಿದ್ರಲ್ಲ ನೀವು, ಅದ್ನ ತೋರ್ಸುದ್ರು ಇಲ್ಲಿ. ಮನೇಲಿ ನಮ್ಮೆಜಮಾನ್ರು, ನಾನೇ ದುಡ್ ಇಸ್ಕಂಡು ತವರಿಗೆ ಕೊಟ್ಟಿವ್ನಿ ಅಂದ್ಕಂಡ್ರು. ಎಲ್ಡ್ ವಾರ ಮಾತಾಡ್ಲಿಲ್ಲ."

ಅದಕ್ಕೆ ಏನು ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಅವರ ಸರದಿ ಬಂತು. "ಇಪ್ಪತ್ತೇಳು" ಅಂತ ಹೇಳಿ ಕ್ಯಾನು ಮುಂದಿಟ್ಟರು. ಚೀಟಿ ಹರಿದುಕೊಂಡು, ಮಡಚಿ, ರವಿಕೆಯೊಳಗೆ ಸೇರಿಸಿದರು.

ಕಾಲೇಜಿನಲ್ಲಿ ಡಿಬಿಎಂಎಸ್ ಪಾಠದಲ್ಲಿ ನನಗೆ ಅರ್ಥವಾಗಿದ್ದು, ಲೋಕದ ಗುರುತನ್ನು ಕೀ ಮಾಡಿಕೊಳ್ಳಬೇಡಿ, ಅದು ಬದಲಾಗುತ್ತದೆ, ಡೇಟಾಬೇಸು ತಾನೇ ಹುಟ್ಟಿಸುವ ಐಡಿ ಬಳಸಿ ಅಂತ. ಒಂದೇ ಡೇಟಾಬೇಸಿನೊಳಗೆ ಅದು ಸರಿಯಾದ ಮಾತು. ಆದರೆ ಆ ಐಡಿ ಆ ಮನೆಯ ಒಳಗಿನ ಮಾತು. ವೆಂಡರ್ ಯಾವತ್ತೂ ನಮಗೆ ಆ ಐಡಿ ಬದಲಾಗುವುದಿಲ್ಲ ಅಂತ ಭಾಷೆ ಕೊಟ್ಟಿರಲಿಲ್ಲ. ಅವರು ಹೊರಗಿನ ಲೋಕಕ್ಕೆ ಕೊಟ್ಟ ಗುರುತು ಚೀಟಿಯ ಮೂಲೆಯಲ್ಲಿತ್ತು. ಸೆಂಟರ್ ಕೋಡೂ ಬದಲಾಗುತ್ತದೆ, ನಿಜ. ಬದಲಾದಾಗ ಚೀಟಿಯೂ ಬದಲಾಗುತ್ತದೆ, ಹಾಲು ಹಾಕುವವರ ಕೈಗೇ ಅದು ಬರುತ್ತದೆ, ತಪ್ಪಿದ್ದರೆ ಅವರು ಸುಮ್ಮನಿರುವುದಿಲ್ಲ. ಐಡಿ 4127 ಬೇರೆಯವರದ್ದಾಯಿತು ಅಂತ ಯಾರು ಬಂದು ಜಗಳ ಆಡಬೇಕು?

ಓಆರ್‌ಎಂ ಬಗ್ಗೆ ಬೈದು ಬರೆದವರು ಬಹಳ ಜನ ಇದ್ದಾರೆ. ಟೆಡ್ ನ್ಯೂವರ್ಡ್ 2006ರಲ್ಲಿ ಇದನ್ನು ಕಂಪ್ಯೂಟರ್ ವಿಜ್ಞಾನದ ವಿಯೆಟ್ನಾಂ ಅಂತ ಕರೆದದ್ದು ಪ್ರಸಿದ್ಧ. ಹೋಗುವುದು ಸುಲಭ, ಹೊರಬರುವುದು ಕಷ್ಟ ಅಂತ. ನನಗೆ ಅಷ್ಟು ಸಿಟ್ಟಿಲ್ಲ. ಜ್ಯಾಂಗೋದವರು ಬೇಡ ಅಂತಲೇ ಬರೆದಿದ್ದರು. ರೈಲ್ಸಿನವರಂತೂ 2021ರ 7.0 ಆವೃತ್ತಿಯಲ್ಲಿ, ಬೇರೆ ಡೇಟಾಬೇಸಿನ ಮೂಲಕ ಹಾಯುವ ಸಂಬಂಧವಾದರೆ ಜಾಯಿನ್ ಬೇಡ ಅಂತ ನೀವೇ ಬಾಯಿಬಿಟ್ಟು ಹೇಳಬೇಕು ಅನ್ನುವ ಒಂದು ಆಯ್ಕೆ ತಂದರು. ಬರೆಯುವವನ ಕೈಯಿಂದಲೇ ಒಪ್ಪಿಗೆ ಬರೆಸಿಕೊಳ್ಳುವುದು. ಅದು ನನಗೆ ಹಿಡಿಸಿತು.

ಈಗ ನಮ್ಮ ಕೋಡಿನಲ್ಲಿ ಆ ಚುಕ್ಕಿ ಇಲ್ಲ. ಪೇಯೀ ಸಾಲಿನಲ್ಲಿ ಸೆಂಟರ್ ಕೋಡು, ಮೆಂಬರ್ ನಂಬರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನುವುದು ಬರಿಯ ಮೌಲ್ಯಗಳಾಗಿ ಇವೆ. ಆಚೆ ಕಡೆಯ ಸದಸ್ಯೆ ಬೇಕಾದರೆ "ಹಾಲಿನ ಡೇಟಾಬೇಸಿನಿಂದ ಹುಡುಕು" ಅಂತ ಉದ್ದ ಹೆಸರಿನ ಫಂಕ್ಷನ್ನನ್ನು ಕರೆಯಬೇಕು. ಓದುವವರಿಗೆ ಇಲ್ಲೊಂದು ಹೊಳೆ ದಾಟುತ್ತಿದ್ದೇವೆ ಅಂತ ತಿಳಿಯಲಿ ಅಂತ. ಗಂಡನ ಹೆಸರನ್ನೂ ಹೋಲಿಸುತ್ತೇವೆ. ರಾತ್ರಿ ಎರಡೂ ಕಡೆಯ ಪಟ್ಟಿ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಓಡುತ್ತದೆ. ಹಾಲು ಬಂದಿದ್ದೂ ಪೇಯೀ ಇಲ್ಲದ ಒಬ್ಬರು ಸಿಕ್ಕರೂ, ಒಂದು ಸೆಂಟರಿನಲ್ಲಿ ಹತ್ತು ಜನರ ಗುರುತು ಒಂದೇ ದಿನ ಬದಲಾದರೂ, ಆ ಸೆಂಟರಿನ ಬಟವಾಡೆಯನ್ನು ತಡೆದು ಮನುಷ್ಯರನ್ನು ಕರೆಯುತ್ತದೆ. ರಿವ್ಯೂನಲ್ಲಿ ಹೊಸ ಹುಡುಗನೊಬ್ಬ "ಇಷ್ಟುದ್ದ ಯಾಕೆ ಸಾರ್, ಫಾರಿನ್ ಕೀ ಥರ ಮಾಡಬಹುದಲ್ಲ" ಅಂತ ಕಾಮೆಂಟ್ ಹಾಕಿದ್ದ. ಚೀಟಿಗಳ ಆ ಫೋಟೋ ಇನ್ನೂ ಟಿಕೆಟಿನಲ್ಲೇ ಇದೆ, ಅದರ ನಂಬರ್ ಕೊಟ್ಟು ಓದು ಅಂದೆ.

ಆ ಶನಿವಾರ ರಾತ್ರಿ ಊರಿಗೆ ತಲುಪಿ, ಊಟ ಮಾಡುತ್ತಾ ಅಮ್ಮನಿಗೆ ಎಲ್ಲ ಹೇಳಿದೆ. ಐಡಿ, ರೀಸ್ಟಾರ್ಟ್ ಅಂತ ಹೇಳಲು ಹೋಗಲಿಲ್ಲ, ಇಬ್ಬರು ಜಯಮ್ಮ, ಇಬ್ಬರಿಗೂ ಇಪ್ಪತ್ತೇಳು ಅಂದೆ, ಅಷ್ಟಕ್ಕೇ ಪೂರ್ತಿ ಅರ್ಥವಾಯಿತು. ಮುದ್ದೆ ಮುರಿಯುತ್ತಾ ಕೇಳಿದಳು.

"ಆ ಇನ್ನೊಬ್ಬ ಜಯಮ್ಮ ಇದಾಳಲ್ಲ, ಜಾಸ್ತಿ ಬಂದಿದ್ದು. ಅವಳ ಹತ್ರ ವಾಪಸ್ ಹಿಡೀತಾರಾ?"

"ಹಿಡೀತಾರೆ. ಮುಂದಿನ ಬಟವಾಡೆಯಿಂದ."

"ಒಂದೇ ಸಲಕ್ಕಾ?"

ನಾನು ಉತ್ತರ ಕೊಡಲಿಲ್ಲ. ಕಡಿತ ಅನ್ನುವ ಕಾಲಮ್ಮು ನಮ್ಮಲ್ಲಿದೆ. ಕಂತು ಅನ್ನುವುದು ಇಲ್ಲ. ಒಟ್ಟು ಎಷ್ಟು ಬಾಕಿಯೋ ಅಷ್ಟನ್ನೂ ಬಂದ ಮೊದಲ ಬಟವಾಡೆಯಿಂದಲೇ ಕಳೆಯುವಂತೆ ನಾನೇ ಬರೆದಿದ್ದೆ.

"ಹಸು ಬತ್ತೋ ಕಾಲ ಇದು. ಸ್ವಲ್ಪ ಸ್ವಲ್ಪ ಹಿಡ್ಕಳಿ ಅಂತ ಹೇಳು" ಅಂದಳು ಅಮ್ಮ.

ಭಾನುವಾರ ಅಲ್ಲೇ ಕೂತು ಲ್ಯಾಪ್‌ಟಾಪ್ ತೆಗೆದೆ. ಬಟವಾಡೆ ಮಂಗಳವಾರ ಇತ್ತು.